ಸದ್ದಿಲ್ಲದ ಕ್ಯಾಲಿಬರ್

"ಇನ್ನೊಂದಕ್ಕೆ ಈಗ ಏನಂತ ಹೇಳೋದು?"

ಪದ್ಮ ಕೇಳಿದ್ದು ನನ್ನನ್ನಲ್ಲ. ಯಾರನ್ನೂ ಅಲ್ಲ. ಅವಳ ಮುಖ ಜೌಗಿನ ಕಡೆಗಿತ್ತು. ಅಲ್ಲಿ ಜೊಂಡಿನ ಅಂಚಿನಲ್ಲಿ ಒಂದು ಕ್ರೇನ್ ಹಕ್ಕಿ ಕತ್ತೆತ್ತಿ ನಿಂತಿತ್ತು. ಕೂಗುವುದು, ನಿಲ್ಲಿಸುವುದು, ಉತ್ತರಕ್ಕೆ ಕಾಯುವುದು, ಮತ್ತೆ ಕೂಗುವುದು. ಉತ್ತರ ಕೊಡಬೇಕಾದದ್ದು ನಮ್ಮ ಕಾಲ ಬಳಿ ಬಿದ್ದಿತ್ತು — ಅವರೆ ಸಾಲಿನ ಕೊನೆಯಲ್ಲಿ, ತಂತಿ ಬೇಲಿಗೆ ಒರಗಿ. ಬೂದು ರೆಕ್ಕೆ ಅರ್ಧ ಬಿಚ್ಚಿತ್ತು. ನೆತ್ತಿಯ ಕೆಂಪು ಇನ್ನೂ ಮಾಸಿರಲಿಲ್ಲ.

"ಕ್ರೌಂಚ ಕಣ್ರೀ ಇದು," ಎಂದಳು.

ಚಿಕ್ಕಂದಿನಿಂದ ಪದ್ಯಗಳಲ್ಲಿ ಕೇಳಿದ ಹಕ್ಕಿ. ಜೋಡಿಯಲ್ಲಿ ಒಂದನ್ನು ಬೇಡ ಹೊಡೆದದ್ದು, ಇನ್ನೊಂದು ಅತ್ತದ್ದು. ಪದ್ಯದಲ್ಲಿ ಬೇಡ ಯಾರೆಂದು ಗೊತ್ತಿರುತ್ತದೆ. ಇಲ್ಲಿ?

ಶನಿವಾರ ಬೆಳಿಗ್ಗೆ ನಾವು ಬಂದದ್ದು ಸೊಪ್ಪು ಕೀಳಲು. ಸೌತ್ ಲಯನ್ ಊರಾಚೆ ರೈತನೊಬ್ಬನ ಎರಡು ಎಕರೆಯನ್ನು ಗುತ್ತಿಗೆ ಹಿಡಿದು ನಾವು ನಾಲ್ಕು ಮನೆಯವರು ತರಕಾರಿ ಬೆಳೆಯುತ್ತೇವೆ. ಫಾರ್ಮಿಂಗ್ಟನ್ ಹಿಲ್ಸ್‌ನಿಂದ ನಾನು ಮತ್ತು ಪದ್ಮ. ನೋವೈಯಿಂದ ವೆಂಕಟರಾಮು ದಂಪತಿ ಮತ್ತು ವಿಜಯ್ ಕುಮಾರ್. ಸ್ಟರ್ಲಿಂಗ್ ಹೈಟ್ಸ್‌ನಿಂದ ಚೇತನ್ ಮತ್ತು ಲಾವಣ್ಯ. ಮೊದಲ ವರ್ಷವೇ ಒಂದು ನಿಯಮವಾಗಿತ್ತು: ಬೇಲಿ ಹಾಕಬಹುದು, ಬೆದರಿಸಬಹುದು, ಕೊಲ್ಲುವಂತಿಲ್ಲ. ನಿಯಮ ಹೇಳಿದವರು ವೆಂಕಟರಾಮು. ಅವರು ತಿಂಗಳಿಗೊಮ್ಮೆ ನೋವೈಯ ಒಂದು ಸಣ್ಣ ಹಾಲ್‌ನಲ್ಲಿ ಕಾವ್ಯ ವಾಚನ ಮಾಡುವವರು. ಆ ಸ್ವರದಲ್ಲಿ ಬಂದ ಮಾತಿಗೆ ಎದುರಾಡಲು ಯಾರಿಗೂ ಬಾಯಿ ಬರುವುದಿಲ್ಲ.

ಪದ್ಮ ಹಕ್ಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮುಟ್ಟಲಿಲ್ಲ. ನಿವೃತ್ತ ಪೆಥಾಲಜಿಸ್ಟ್ ಅವಳು. ಸತ್ತದ್ದನ್ನು ನೋಡಿ ಯಾಕೆ ಸತ್ತಿತೆಂದು ಹೇಳುವುದೇ ಉದ್ಯೋಗವಾಗಿತ್ತು.

"ರೀ, ಬನ್ನಿ ಇಲ್ಲಿ. ಗಾಯ ನೋಡಿ."

"ರಕ್ತ ನೋಡೋಕೆ ನನ್ನ ಕೈಲಾಗಲ್ಲ. ಗೊತ್ತಲ್ಲ ನಿನಗೆ."

"ರಕ್ತ ಇಲ್ಲ ಬನ್ನಿ. ಆಕಾರ ನೋಡಿ ಸಾಕು."

ರೆಕ್ಕೆಯ ಬುಡದಲ್ಲಿ ಒಂದು ಸೀಳು. ದುಂಡಗಿರಲಿಲ್ಲ. ಅಂಗಿಯ ಕಾಜದಂತೆ ಉದ್ದಕ್ಕಿತ್ತು.

"ಗುಂಡೇಟಾ?"

"ಗುಂಡೇ. ಆದ್ರೆ ಗುಂಡು ಮೂತಿ ಮುಂದೆ ಮಾಡ್ಕೊಂಡು ಬರುತ್ತೆ. ಇದು ಅಡ್ಡಡ್ಡ ಬಂದಿದೆ." ಅವಳು ನನ್ನ ಕಡೆ ತಿರುಗಿದಳು. "ಇದನ್ನ ಯಾರ ಹತ್ರಾನೂ ಆಡಬೇಡಿ. ನೀವು ಆಡೋದಿಲ್ಲ ಬಿಡಿ. ನಿಮ್ಮ ಬಾಯಿಂದ ಮಾತು ಬರೋದೇ ಹಬ್ಬಕ್ಕೋ ಹರಿದಿನಕ್ಕೋ."

ಫೋನ್ ಮಾಡಿದ ಮೇಲೆ ವನ್ಯಜೀವಿ ಇಲಾಖೆಯ ಆಫೀಸರ್ ಬಂದಳು. ಚಿಕ್ಕ ವಯಸ್ಸಿನ ಹೆಂಗಸು, ಹೆಚ್ಚು ಮಾತಿಲ್ಲ. ಈ ಹಕ್ಕಿಯನ್ನು ಹೊಡೆಯುವುದು ಅಪರಾಧ, ದಂಡವೂ ಇದೆ, ಜೈಲೂ ಇರಬಹುದು ಎಂದಳು. ಹಕ್ಕಿಯ ಇನ್ನೊಂದು ಮಗ್ಗುಲನ್ನು ಬೆರಳಿನಿಂದ ಒತ್ತಿ ನೋಡಿದಳು. ಚರ್ಮದ ಕೆಳಗೇ ಏನೋ ಸಿಕ್ಕಿತು. ಸಣ್ಣ ಚಾಕುವಿನಿಂದ ಬಿಡಿಸಿ ಅಂಗೈ ಮೇಲಿಟ್ಟುಕೊಂಡಳು. ಅದು ಗುಂಡು. ಒಡೆದಿರಲಿಲ್ಲ. ತಾಮ್ರದ ಬಣ್ಣ. ಒಂದು ಕೆನ್ನೆ ಮಾತ್ರ ಉಜ್ಜಿದಂತೆ ಚಪ್ಪಟೆ.

"ಇಪ್ಪತ್ತೆರಡರ ದಪ್ಪ, ಇಂಚಿನ ನೂರರಲ್ಲಿ ಇಪ್ಪತ್ತೆರಡು ಪಾಲು," ಎಂದಳು. "ಯಾವ ಬಂದೂಕಿನದು ಅಂತ ಲ್ಯಾಬ್ ಹೇಳಬೇಕು. ವಾರಗಳೇ ಹಿಡಿಯುತ್ತವೆ. ನಿಮ್ಮಲ್ಲಿ ಯಾರ ಬಳಿ ಬಂದೂಕಿದೆ?"

ಜೊಂಡಿನಿಂದ ಮತ್ತೆ ಕೂಗು ಬಂತು. ಪದ್ಮ ನನ್ನನ್ನು ನೋಡಿದಳು. ಆಮೇಲೆ ಚೇತನ್‌ನ ಹೆಸರು ಹೇಳಿದಳು.

ಕಾರಿಗೆ ಹತ್ತಿದಾಗ ಅವಳ ಮುಖ ಸಣ್ಣದಾಗಿತ್ತು. "ಸುಳ್ಳು ಹೇಳೋಕಾಗಲ್ಲ ಅಲ್ವಾ?" ಎಂದಳು. ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಬರುವವರೆಗೂ ಅದನ್ನೇ ಇನ್ನೂ ಎರಡು ಸಲ ಕೇಳಿದಳು.

*

ಮಧ್ಯಾಹ್ನ ಎಲ್ಲರೂ ವೆಂಕಟರಾಮು ಮನೆಯಲ್ಲಿ ಸೇರಿದೆವು. ತಾಯಮ್ಮ ಕಾಫಿ ತಂದರು. ಅವರ ಯಜಮಾನರು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಲೋಟ ಮುಟ್ಟಲಿಲ್ಲ.

"ನೆನ್ನೆಯಿಂದ ಹೀಗೇ ಕಣ್ರೀ ಇವರು," ತಾಯಮ್ಮ ಪದ್ಮಳ ಬಳಿ ದೂರಿದರು. "ಸಾಯಂಕಾಲ ತೋಟಕ್ಕೆ ನೀರು ಬಿಟ್ಟು ಬಂದೋರು ಒಳಗೇ ಬರಲಿಲ್ಲ. ಹಿತ್ತಲಲ್ಲಿ ಹೋಸ್ ಹಿಡ್ಕೊಂಡು ತಲೆ ಮೇಲೆ ನೀರು! ಮೈ ಕೊರೆಯೋ ಚಳೀಲಿ! ಟವಲ್ ಕೊಡೋಕೆ ಹೋದ್ರೆ, ಹತ್ರ ಬರಬೇಡ, ಅಲ್ಲಿಂದ್ಲೇ ಎಸಿ ಅಂತಾರೆ."

"ಟಿಕ್ ಇರುತ್ತಲ್ಲ ಆಂಟಿ," ಎಂದಳು ಲಾವಣ್ಯ. "ಈ ವರ್ಷ ಹುಲ್ಲಲ್ಲಿ ಆ ಉಣ್ಣೆಹುಳ ವಿಪರೀತ. ನಾವೂ ತೋಟದಿಂದ ಬಂದ ತಕ್ಷಣ ಬಟ್ಟೆ ಎಲ್ಲ ಡ್ರೈಯರ್‌ಗೆ, ನಾವು ಶವರ್‌ಗೆ."

"ಹುಳಕ್ಕೆ ಹೆದರಿ ಊಟ ಬಿಡ್ತಾರೇನಮ್ಮ? ದೇವರ ದೀಪಾನೂ ನನ್ನ ಕೈಲೇ ಹಚ್ಚಿಸಿದ್ರು."

"ಸುಸ್ತಾಗಿತ್ತು ಕಣೆ. ಬಿಡು," ಎಂದರು ವೆಂಕಟರಾಮು.

ವಿಜಯ್ ಕುಮಾರ್ ಕಾಫಿ ಲೋಟವನ್ನು ಟೇಬಲ್ ಮೇಲೆ ಕುಕ್ಕಿದ. ನಲವತ್ತೈದು ದಾಟಿದವನು, ಮೀಟಿಂಗ್‌ಗಳಲ್ಲಿ ಕೂಗಾಡಿ ಅಭ್ಯಾಸವಿದ್ದವನು.

"ಟಿಕ್ ವಿಷಯ ಆಮೇಲೆ ಮಾತಾಡೋಣ. ನಮ್ಮಲ್ಲಿ ಬಂದೂಕು ಇರೋದು ಒಬ್ಬನ ಹತ್ರ. ಗುಂಡು ಇಪ್ಪತ್ತೆರಡರದ್ದು. ಇವನದ್ದೂ ಅದೇ. ಇನ್ನೇನು ಪತ್ತೆ ಮಾಡೋದಿದೆ?"

ಚೇತನ್ ಸೋಫಾದ ತುದಿಯಲ್ಲಿ ಕೂತಿದ್ದ.

ಎರಡು ತಿಂಗಳಿಂದ ಅವನ ಬಾಯಲ್ಲಿ ಬಂದೂಕು ಬಿಟ್ಟು ಬೇರೆ ಮಾತೇ ಇರಲಿಲ್ಲ. ಇಲ್ಲಿಯವರು ವಾರ್ಮಿಂಟ್ ರೈಫಲ್ ಅನ್ನುತ್ತಾರೆ — ಬೆಳೆ ಹಾಳುಮಾಡುವ ಸಣ್ಣ ಪ್ರಾಣಿಗಳನ್ನು ದೂರದಿಂದ ಹೊಡೆಯುವ ಬಂದೂಕು. ಚೇತನ್ ಮಾತ್ರ ಅದರಿಂದ ಕಾಗದದ ಗುರಿಗೇ ಹೊಡೆಯುತ್ತಿದ್ದ. ಹಳೆಯ ರೈಫಲ್‌ನ ಒಳಯಂತ್ರ ಉಳಿಸಿಕೊಂಡು ಬ್ಯಾರಲ್ ಎಂಬ ನಳಿಗೆ, ಹಿಡಿ, ಟ್ರಿಗರ್ ಹೊಸದಾಗಿ ಹಾಕಿಸುವ ಯೋಜನೆ. ಬ್ಯಾರಲ್‌ಗೆ ಆರ್ಡರ್ ಹಾಕುವ ಮೊದಲು ಕ್ಯಾಲಿಬರ್, ಅಂದರೆ ಗುಂಡಿನ ಅಳತೆ, ಆರಿಸಬೇಕು. ಅದೊಂದೇ ಬಗೆಹರಿದಿರಲಿಲ್ಲ. ಹುಡುಗಿ ನೋಡೋಕೆ ಹೋದವನೂ ಇಷ್ಟು ತಡ ಮಾಡಲ್ಲ ಎಂದು ವಿಜಯ್ ರೇಗಿಸುತ್ತಿದ್ದ. ಚೇತನ್ ಇನ್ನೂ ವೀಸಾದ ಮೇಲಿದ್ದವನು. ಬೇಟೆ ಲೈಸೆನ್ಸ್ ಇರುವುದರಿಂದ ಬಂದೂಕು ಇಟ್ಟುಕೊಳ್ಳಬಹುದು. ಅಷ್ಟೇ ತೆಳುವಾದ ಅನುಮತಿ.

"ವಿಜಯ್, ಸಾಕು," ವೆಂಕಟರಾಮು ಎದ್ದು ಬಂದು ಚೇತನ್‌ನ ಹೆಗಲ ಮೇಲೆ ಕೈಯಿಟ್ಟರು. "ಯಾರೂ ಬೇಕು ಅಂತ ಮಾಡಿರಲ್ಲ. ನೋಡಪ್ಪ, ಹೊಸ ಬ್ಯಾರಲ್‌ಗೆ ಯಾವ ಕ್ಯಾಲಿಬರ್ ಅಂತ ಯೋಚನೆ ಮಾಡ್ತಿದೀಯಲ್ಲ — ನೆಲಕ್ಕೆ ತಾಗಿದ್ರೆ ಅಲ್ಲೇ ಪುಡಿಯಾಗೋ ಗುಂಡಿನದು ತಗೋ. ಕಲ್ಲಿಗೆ ಬಡಿದು ಎಲ್ಲಿಗೋ ಹಾರೋದು ಮಾತ್ರ ಬೇಡ. ಆಯ್ತಾ?"

ಎಷ್ಟು ಕರುಣೆಯ ಸ್ವರ! ನಾನು ರೂಢಿಯಂತೆ ತಲೆದೂಗಿದೆ.

ಆ ಕೈ ಹೆಗಲ ಮೇಲಿದ್ದಂತೆಯೇ ಚೇತನ್ ಬಾಯಿಬಿಟ್ಟ.

"ನಾನೇ ಅಂಕಲ್."

ಲಾವಣ್ಯ ತಟ್ಟನೆ ಅವನ ಕಡೆ ತಿರುಗಿದಳು. ಅವಳಿಗೂ ಗೊತ್ತಿರಲಿಲ್ಲ.

"ನೆನ್ನೆ ಆಫೀಸಿಂದ ನೇರ ತೋಟಕ್ಕೆ ಹೋದೆ. ಕತ್ತಲಾಗ್ತಾ ಬಂದಿತ್ತು. ಗೇಟ್ ಹತ್ರ ನಿಂತೆ. ಪಶ್ಚಿಮದ ಮೂಲೇಲಿ ಸಸಿ ತಿನ್ನೋ ಆ ಗ್ರೌಂಡ್‌ಹಾಗ್, ಹೆಗ್ಗಣದಂಥದ್ದು, ಬಿಲದ ಮೇಲೆ ಕೂತಿತ್ತು. ಒಂದೇ ಸಲ ಹೊಡೆದೆ. ತಪ್ಪಿತು. ಅದರ ಹಿಂದೆ ಜೊಂಡು... ಅಲ್ಲಿ ಹಕ್ಕಿ ಇತ್ತೋ ಏನೋ. ನೋಡಲಿಲ್ಲ."

"ಯಾಕೋ ಹೊಡೆಯೋಕೆ ಹೋದೆ?" ವಿಜಯ್ ಕಿರುಚಿದ. "ನಿಯಮ ಗೊತ್ತಿಲ್ವಾ?"

"ನೀವೇ ಹೇಳಿದ್ರಲ್ಲ ಅಣ್ಣ."

"ನಾನಾ? ಯಾವಾಗ?"

"ಗ್ರೂಪಲ್ಲಿ. ಅವರೆ ಸಸಿ ಎಲ್ಲಾ ತಿಂದ್ಹಾಕಿದೆ, ಯಾರಾದ್ರೂ ಇದಕ್ಕೊಂದು ಗತಿ ಕಾಣಿಸ್ರಪ್ಪಾ ಅಂತ."

"ತಮಾಷೆಗೆ ಹಾಕಿದ್ದು ಕಣೋ ಅದು!"

"ಪದ್ಮ ಆಂಟಿ ಥಂಬ್ಸ್ ಅಪ್ ಹಾಕಿದ್ರು."

ಪದ್ಮ ಕಾಫಿ ಲೋಟದೊಳಗೆ ನೋಡಿದಳು. ವೆಂಕಟರಾಮು ಹೆಗಲಿನಿಂದ ಕೈ ತೆಗೆದು ಕಿಟಕಿಯ ಕಡೆ ಹೋದರು.

*

ಮನೆ ಮುಂದಿನ ಡ್ರೈವ್‌ವೇಯಲ್ಲಿ ಕಾರಿಗೆ ಒರಗಿ ನಿಂತಿದ್ದ ಚೇತನ್‌ನನ್ನು ಪದ್ಮ ಹಿಡಿದುಕೊಂಡಳು. ಲಾವಣ್ಯ ಕಾರಿನೊಳಗೆ ಕೂತಿದ್ದಳು. ಕಿಟಕಿ ಇಳಿದಿತ್ತು.

"ಆಫೀಸರ್ ಫೋನ್ ಮಾಡಿದ್ಲಾ?"

"ಸೋಮವಾರ ಬೆಳಿಗ್ಗೆ ಬಾ ಅಂದಿದಾರೆ ಆಂಟಿ. ಹೋಗಿ ಒಪ್ಕೊಂಡ್ಬಿಡ್ತೀನಿ."

"ಗ್ರೀನ್ ಕಾರ್ಡ್ ಅರ್ಜಿ ಕೊನೇ ಹಂತದಲ್ಲಿದೆ ಆಂಟಿ," ಒಳಗಿನಿಂದ ಲಾವಣ್ಯಳ ಧ್ವನಿ. "ಬಂದೂಕಿನ ಕೇಸಲ್ಲಿ ಸಹಿ ಹಾಕಿಬಂದ್ರೆ ಎಲ್ಲಾ ಮುಗೀತು. ನೀವಾದ್ರೂ ಹೇಳಿ. ನನ್ನ ಮಾತು ಕೇಳ್ತಿಲ್ಲ."

"ಚೇತನ್, ಇಲ್ಲಿ ನೋಡು. ನಿನ್ನ ಈಗಿನ ಬ್ಯಾರಲ್ ಯಾವುದು?"

"ಟೂ ಟ್ವೆಂಟಿ ತ್ರೀ."

"ಅಂದ್ರೆ ಆಫೀಸರ್ ಹೇಳಿದ ಇಪ್ಪತ್ತೆರಡು?"

"ಗುಂಡಿನ ದಪ್ಪ ಹೆಚ್ಚುಕಮ್ಮಿ ಅದೇ ಆಂಟಿ. ಅದಕ್ಕೇ ಹೇಳ್ತಿರೋದು."

"ಹೊಸದಕ್ಕೆ ಯಾವುದು ಅಂದ್ಕೊಂಡಿದ್ದೆ?"

ಅಷ್ಟು ದುಃಖದಲ್ಲೂ ಅವನ ನಾಲಿಗೆ ಸಡಿಲವಾಯಿತು. "ಟ್ವೆಂಟಿಟೂ ಟೂ-ಫಿಫ್ಟಿ ಅಂದ್ರೆ ಇನ್ನೂ ವೇಗ. ಆದ್ರೆ ಬ್ಯಾರಲ್ ಬೇಗ ಸವೆದುಹೋಗುತ್ತೆ, ನನ್ನ ಹಳೇ ಒಳಯಂತ್ರದ ಬೋಲ್ಟೂ ಅದಕ್ಕೆ ಹೊಂದಲ್ಲ. ಟೂ ಫಾರ್ಟಿ ತ್ರೀ ಗಾಳಿಗೆ ಅಲುಗಾಡಲ್ಲ, ಆದ್ರೆ ಸದ್ದು, ಒದೆತ ಎರಡೂ ಜಾಸ್ತಿ. ಟೂ-ಓ-ಫೋರ್ ಅಂದ್ರೆ ಗುಂಡು ಕಡ್ಲೆಕಾಳಿನ ಹಾಗೆ, ಬಾಣದ ಹಾಗೆ ನೇರ ಹೋಗುತ್ತೆ. ಅದಕ್ಕೇ ಮನಸ್ಸಿತ್ತು." ನಿಲ್ಲಿಸಿದ. "ಈಗ ಯಾವುದೂ ಬೇಡ."

"ಇವೆಲ್ಲದರ ಗುಂಡೂ ಒಂದೇ ಥರಾನಾ?"

"ವಾರ್ಮಿಂಟ್ ಗುಂಡು ಬಹಳ ತೆಳು ಆಂಟಿ. ಅಷ್ಟು ವೇಗದಲ್ಲಿ ಏನಕ್ಕೆ ತಾಗಿದ್ರೂ ಸಿಡಿದುಹೋಗ್ಬೇಕು. ಮುಂದಕ್ಕೆ ಹಾರಿ ಯಾರಿಗೂ ಬೀಳಬಾರ್ದು ಅಂತ ಹಾಗೆ ಮಾಡಿರ್ತಾರೆ."

"ನಿನ್ನ ಗುಂಡು ಆ ಹಕ್ಕಿಗೆ ಬಿದ್ದಿದ್ರೆ?"

"ಆಂಟಿ, ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ."

"ಹೇಳು. ಡಾಕ್ಟರ್ ಮುಂದೆ ನಿಂತಿದೀಯ."

"ಗಾಯ ದೊಡ್ಡದಾಗಿರೋದು. ಮುಷ್ಟಿಯಷ್ಟು. ಗುಂಡು ಒಳಗೇ ಚೂರುಚೂರು."

"ನಾನು ನೋಡಿದ ಗಾಯ ಇಷ್ಟೇ ಇತ್ತು," ಪದ್ಮ ಬೆರಳ ತುದಿ ತೋರಿಸಿದಳು. "ಗುಂಡು ಇಡಿಯಾಗಿತ್ತು ಚೇತನ್. ನನ್ನ ಕಣ್ಣ ಮುಂದೆ ತೆಗೆದ್ರು."

ಅವನು ತಲೆಯಾಡಿಸಿದ.

"ನನ್ನನ್ನ ಉಳಿಸೋಕೆ ಹೇಳ್ತಿದೀರಿ. ನೂರರಲ್ಲಿ ಒಂದು ಗುಂಡು ಒಡೆಯದೇ ಇರಬಹುದು. ಇದೇ ಆ ಒಂದು."

"ಅಲ್ಲಪ್ಪಾ—"

"ಮತ್ತೆ ಯಾರ ಬಂದೂಕು ಆಂಟಿ? ಹೇಳಿ. ಒಂದು ಹೆಸರು ಹೇಳಿ, ನಂಬ್ತೀನಿ. ನಮ್ಮಲ್ಲಿ ಇನ್ಯಾರಿಗೆ ಬಂದೂಕು ಮುಟ್ಟೋ ಧೈರ್ಯ ಇದೆ?" ಅವನು ಕಾರಿನ ಬಾಗಿಲು ತೆರೆದ. "ಆ ಹಕ್ಕಿ ಕೂಗೋದನ್ನ ಕೇಳಿದೀರಿ ತಾನೆ? ಇಲ್ಲಿಗೆ ಬರೋ ಮುಂಚೆ ಹೋಗಿದ್ದೆ. ಇನ್ನೂ ಅಲ್ಲೇ ಇದೆ. ಸಹಿ ಹಾಕಿ ಬಂದ್ರೆ ನನಗೆ ನಿದ್ದೆಯಾದ್ರೂ ಬರುತ್ತೆ."

ಕಾರು ಹೊರಟುಹೋಯಿತು. ಪದ್ಮ ಡ್ರೈವ್‌ವೇಯಲ್ಲೇ ನಿಂತಿದ್ದಳು.

"ಸೋಮವಾರದೊಳಗೆ ಹೆಸರು ಬೇಕು ಕಣ್ರೀ. ಇಲ್ದಿದ್ರೆ ಈ ಹುಡುಗ ಮಾಡದ ತಪ್ಪಿಗೆ ತಾನೇ ಹೋಗಿ ಕುತ್ತಿಗೆ ಒಡ್ತಾನೆ."

*

ಭಾನುವಾರ ಬೆಳಿಗ್ಗೆ ಮತ್ತೆ ತೋಟಕ್ಕೆ ಹೋದೆವು. ಪದ್ಮ ನನ್ನನ್ನು ಹಕ್ಕಿ ಬಿದ್ದಿದ್ದ ಜಾಗದಲ್ಲಿ ನಿಲ್ಲಿಸಿದಳು.

"ಅಲ್ಲ, ಇನ್ನೂ ಹಿಂದೆ. ಬೇಲಿಗೆ ಆತು ನಿಲ್ಲಿ. ರೆಕ್ಕೆ ಶೆಡ್ ಕಡೆ ಮಾಡಿ."

"ರೆಕ್ಕೆ?"

"ಎಡಗೈ ಅಂತ ಇಟ್ಕೊಳ್ಳಿ."

ಎಡಗೈ ಚಾಚಿ ನಿಂತೆ. ಜೊಂಡಿನ ಹಕ್ಕಿ ನನ್ನನ್ನು ನೋಡಿ ಒಮ್ಮೆ ಕೂಗಿತು. ನನಗೆ ಕೈ ಇಳಿಸಬೇಕೆನಿಸಿತು. ಇಳಿಸಲಿಲ್ಲ.

ಅವಳು ಅವರೆ ಸಾಲಿನ ಉದ್ದಕ್ಕೂ ಬಗ್ಗಿ ನಡೆದಳು. ತೋಟದ ನಡುವೆ ನಮ್ಮ ಮರದ ಶೆಡ್ ಇದೆ — ಗುದ್ದಲಿ, ಪೈಪು, ಗೊಬ್ಬರದ ಚೀಲಗಳಿಗೆ. ಅದರ ಹಿಂಬದಿಗೆ, ಸಾಲಿನ ಅರ್ಧದಲ್ಲಿ ಒಂದು ಬಂಡೆ. ಉಳುವಾಗ ಅಲುಗಾಡದೆ ರೈತ ಹಾಗೆಯೇ ಬಿಟ್ಟಿದ್ದ ಕಲ್ಲು. ಅದರ ಮುಂದೆ ಅವಳು ಮಂಡಿಯೂರಿದಳು.

"ಈಗ ಬನ್ನಿ."

ಕಲ್ಲಿನ ಓರೆ ಮೈಮೇಲೆ ಬೂದು ಬಣ್ಣದ ಒಂದು ಗೆರೆ, ಪೆನ್ಸಿಲ್ಲಿನಿಂದ ಗೀಚಿದಂತೆ. ಹೊಸದು. ಗೆರೆಯ ತುದಿಯಲ್ಲಿ ಕೂದಲೆಳೆಯಷ್ಟು ತಾಮ್ರದ ಹೊಳಪು.

"ಸೀಸ," ಎಂದಳು. "ಗುಂಡು ಇಲ್ಲಿ ಬಡಿದು, ಜಾರಿ, ಮಗುಚಿ, ಅಡ್ಡಡ್ಡ ಹಾರಿ ಹಕ್ಕಿಗೆ ಹೊಕ್ಕಿದೆ. ಚಪ್ಪಟೆ ಕೆನ್ನೆ ಬಂದದ್ದು ಇಲ್ಲೇ. ಈಗ ನೀವು ಬಿದ್ದ ಜಾಗ ನೋಡಿ—"

"ನಾನು ಬೀಳಲಿಲ್ಲ."

"ಹಕ್ಕಿ ಬಿದ್ದ ಜಾಗ. ಗೆರೆ ನೋಡಿ. ಗೆರೆಯ ಹಿಂದಕ್ಕೆ ಹೋಗಿ. ಎಲ್ಲಿಗೆ ಹೋಗುತ್ತೆ?"

ಹೋಗುತ್ತಿದ್ದದ್ದು ಶೆಡ್‌ನ ಹಿಂಬಾಗಿಲ ಮೆಟ್ಟಿಲಿಗೆ.

"ಚೇತನ್ ನಿಂತಿದ್ದು ಗೇಟಲ್ಲಿ. ಗೇಟಿಂದ ಈ ಕಲ್ಲು ಕಾಣೋದೇ ಇಲ್ಲ, ಶೆಡ್ ಅಡ್ಡ ಇದೆ. ಇನ್ನು ಅವನ ಗುಂಡು ಕಲ್ಲಿಗೆ ತಾಗಿದ್ರೆ ಅಲ್ಲೇ ಬೂದಿ. ಹೀಗೆ ಜಾರೋದು ನಿಧಾನದ ಗುಂಡು. ಮಕ್ಕಳಿಗೆ ಕಲಿಸೋಕೆ ಇಟ್ಕೋತಾರಲ್ಲ, ಸಣ್ಣ ಇಪ್ಪತ್ತೆರಡು. ಪಟ್ ಅಂತ ಕೋಲು ಮುರಿದಷ್ಟೇ ಸದ್ದು. ದಪ್ಪ ಒಂದೇ, ಜಾತಿ ಬೇರೆ."

"ಶೆಡ್ ಬೀಗದ ಕೈ ವಿಜಯ್ ಹತ್ರ ಇದೆ," ಎಂದೆ.

"ಇನ್ನೊಂದು?"

ಇನ್ನೊಂದು ವೆಂಕಟರಾಮು ಅವರ ಹತ್ತಿರ.

ಅವಳು ಕಲ್ಲಿನ ಫೋಟೋ ತೆಗೆದು, ಮಳೆ ಬಂದರೆ ಗೆರೆ ಅಳಿಸಬಾರದೆಂದು ಮೇಲೊಂದು ಬಕೆಟ್ ಕವುಚಿದಳು. "ನಿಮಗೆ ಬೇಜಾರಾಗುತ್ತೆ," ಎಂದಳು. "ಅದಕ್ಕೇ ದಾರೀಲಿ ಹೆಸರು ಹೇಳಲ್ಲ. ನೆನ್ನೆ ನೀವೇ ತಲೆದೂಗಿದ್ರಿ."

*

ಆ ಮಧ್ಯಾಹ್ನವೇ ವಾಚನ. ಎರಡು ವರ್ಷ ನಡೆದ ಓದಿಗೆ ಅಂದು ಮಂಗಳ. ಜನ ಬರುವ ಮೊದಲೇ ಹಾಲ್ ತಲುಪಿದೆವು. ಜಮಖಾನ ಹಾಸಿತ್ತು. ಎದುರಿಗೆ ಪುಸ್ತಕದ ಪೀಠ, ಮೈಕು, ಒಂದು ಸಣ್ಣ ದೀಪ. ದೀಪ ಹಚ್ಚಿರಲಿಲ್ಲ. ವೆಂಕಟರಾಮು ಒಬ್ಬರೇ ಕೂತು ಶಲ್ಯದ ಅಂಚನ್ನು ಮಡಚುತ್ತಿದ್ದರು, ಬಿಡಿಸುತ್ತಿದ್ದರು.

ಪದ್ಮ ಎದುರಿಗೆ ಕೂತಳು. ನಾನು ಬಾಗಿಲ ಬಳಿ ನಿಂತೆ.

"ವೆಂಕಟರಾಮು ಅವರೇ, ಒಂದು ಪ್ರಶ್ನೆ. ಶನಿವಾರ ನೀವು ಚೇತನ್‌ಗೆ ಒಂದು ಬುದ್ಧಿಮಾತು ಹೇಳಿದ್ರಿ. ಕಲ್ಲಿಗೆ ಬಡಿದು ಹಾರೋ ಗುಂಡು ಬೇಡ ಅಂತ."

"ಹೇಳಿರಬಹುದು."

"ಯಾವ ಕಲ್ಲು?"

"ಅಂದ್ರೆ?"

"ಅವನಿನ್ನೂ ಬಾಯಿ ಬಿಟ್ಟಿರಲಿಲ್ಲ. ಗುಂಡು ನೇರ ಬಂದಿದೆ ಅಂತಲೇ ಎಲ್ಲರೂ ಅಂದ್ಕೊಂಡಿದ್ರು. ಅಡ್ಡ ಬಂದಿದೆ ಅಂತ ಗೊತ್ತಿದ್ದಿದ್ದು ನನಗೆ, ಇವರಿಗೆ, ಆ ಆಫೀಸರ್‌ಗೆ. ಕಲ್ಲು ಅನ್ನೋದು ನನಗೂ ಗೊತ್ತಿರಲಿಲ್ಲ, ಇವತ್ತು ಬೆಳಿಗ್ಗೆ ನೋಡೋ ತನಕ. ನಿಮಗೆ ಶನಿವಾರಾನೇ ಹೇಗೆ ಗೊತ್ತಾಯ್ತು?"

"ಸುಮ್ಮನೆ ಹೇಳಿದೆನಮ್ಮಾ. ಬಾಯಿಗೆ ಬಂದದ್ದು."

"ಬಂದೂಕು ಅಂದ್ರೆ ಮುಖ ತಿರುಗಿಸೋರು ನೀವು. ಎರಡು ತಿಂಗಳಿಂದ ಆ ಹುಡುಗ ಕ್ಯಾಲಿಬರ್ ಬಗ್ಗೆ ಎಲ್ಲರ ತಲೆ ತಿಂದ. ನೀವೊಂದು ಮಾತೂ ಆಡಿರಲಿಲ್ಲ. ಶನಿವಾರ ಆಡಿದ ಒಂದೇ ಮಾತು, ಗುಂಡು ಕಲ್ಲಿಂದ ಹಾರಿದ್ದನ್ನ ಕಣ್ಣಾರೆ ಕಂಡೋರು ಆಡೋ ಮಾತು."

ಅವರು ಶಲ್ಯ ಮಡಚುವುದನ್ನು ನಿಲ್ಲಿಸಿದರು.

ಆಗ ನನ್ನ ಬಾಯಿಂದ ಮಾತು ಬಂತು. ತಡೆಯಲಾಗಲಿಲ್ಲ.

"ಹುಳಕ್ಕಲ್ಲ ನೀವು ಹೊರಗೆ ತಲೆಗೆ ನೀರು ಹಾಕ್ಕೊಂಡಿದ್ದು."

ಅವರು ನನ್ನ ಕಡೆ ನೋಡಿದರು.

"ಹೆಣ್ತೀನ ಹತ್ರ ಬರಗೊಡಲಿಲ್ಲ. ಊಟ ಮಾಡಲಿಲ್ಲ. ದೀಪ ಮುಟ್ಟಲಿಲ್ಲ. ನಮ್ಮ ತಂದೆ ಸ್ಮಶಾನದಿಂದ ಬಂದಾಗ ಹೀಗೇ ಮಾಡ್ತಿದ್ರು. ನಾವು ಹಕ್ಕಿ ನೋಡಿದ್ದು ಶನಿವಾರ ಬೆಳಿಗ್ಗೆ. ನೀವು ಶುಕ್ರವಾರ ಸಾಯಂಕಾಲಾನೇ ಮೈಲಿಗೆ ತೊಳ್ಕೊಂಡಿದೀರಿ."

ಪದ್ಮ ನನ್ನನ್ನು ಆಶ್ಚರ್ಯದಿಂದ ನೋಡಿದಳು. ತಾಯಮ್ಮನ ದೂರನ್ನು ಅವಳು ಹುಳದ ಲೆಕ್ಕಕ್ಕೇ ಬಿಟ್ಟಿದ್ದಳು.

"ನೀವೇ, ವೆಂಕಟರಾಮು ಅವರೇ," ಎಂದಳು ಮೆಲ್ಲಗೆ. "ಹೊಡೆದದ್ದು ನೀವು."

ಅವರು ಶಲ್ಯವನ್ನು ಪಕ್ಕಕ್ಕಿಟ್ಟರು. ಮಾತಾಡಿದಾಗ ಅದು ಓದುವ ಸ್ವರವಾಗಿರಲಿಲ್ಲ. ಯಾವುದೋ ಮುದುಕನ ಸ್ವರ.

"ಏಪ್ರಿಲ್‌ನಲ್ಲಿ ತಗೊಂಡೆ. ಅಂಗಡಿಯವನು ಯಾವ ಕ್ಯಾಲಿಬರ್ ಬೇಕು ಅಂದ. ನನಗೇನು ಗೊತ್ತು? ಯಾರಿಗೂ ಕೇಳಿಸಬಾರದು, ಅಷ್ಟೇ ಸಾಕು ಅಂದೆ. ಅವನು ನಕ್ಕು, ಎಲ್ಲಕ್ಕಿಂತ ಚಿಕ್ಕದು ಕೊಟ್ಟ. ಗುಂಡೂ ಸದ್ದಿಲ್ಲದ್ದೇ, ನಿಧಾನದ್ದೇ ಕೊಟ್ಟ. ಶೆಡ್‌ನಲ್ಲಿ ಗೊಬ್ಬರದ ಚೀಲಗಳ ಹಿಂದೆ ಇಟ್ಟಿದ್ದೆ."

"ನಿಯಮ ಹೇಳಿದ್ದು ನೀವು."

"ಅದಕ್ಕೇ ಅಲ್ವೇನಮ್ಮಾ ಸದ್ದು ಬೇಡ ಅಂದಿದ್ದು! ವಿಜಯ್ ಹೊಡೆದಿದ್ರೆ ಬೈಸ್ಕೊಂಡು ಸುಮ್ಮನಾಗೋನು. ನಾನು ಹೊಡೆದ ಸದ್ದು ಕೇಳಿದ್ರೆ ಈ ಪೀಠದಲ್ಲಿ ಕೂತು ಓದೋದು ಹೇಗೆ?" ಕೈ ಮೇಲೆತ್ತಿ ಬಿಟ್ಟರು. "ಸಸಿ ಹಾಕೋದು, ತಿನ್ನೋದು, ಮತ್ತೆ ಹಾಕೋದು, ಮತ್ತೆ ತಿನ್ನೋದು. ಅವತ್ತು ಗ್ರೌಂಡ್‌ಹಾಗ್ ಸಾಲಲ್ಲಿ ಕೂತು ನನ್ನ ಕಣ್ಣೆದುರಿಗೇ ಮೇಯ್ತಾ ಇತ್ತು. ಹೊಡೆದೆ. ಕಲ್ಲಿಂದ ಝುಯ್ ಅಂತ ಒಂದು ಸದ್ದು. ಆ ಕಡೆ ತಿರುಗ್ತೀನಿ — ಬೇಲಿ ಹತ್ರ ಇದು ಕುಸೀತಾ ಇದೆ."

"ಜೋರು ಗುಂಡಾಗಿದ್ರೆ ಕಲ್ಲಲ್ಲೇ ಮುಗಿಯೋದು," ಎಂದಳು ಪದ್ಮ.

"ಗೊತ್ತು. ರಾತ್ರಿ ಎಲ್ಲಾ ಕೂತು ಅದನ್ನೇ ಓದಿದೆ."

"ಚೇತನ್ ವಿಷಯ?"

ಅವರು ಕಣ್ಣು ಮುಚ್ಚಿದರು.

"ಅವನ ತಲೆಗೆ ಕಟ್ಟೋ ಯೋಚನೆ ದೇವರಾಣೆಗೂ ಇರಲಿಲ್ಲ. ಶನಿವಾರ ಅವನ ಹೆಗಲ ಮೇಲೆ ಕೈಯಿಟ್ಟಾಗ ಹೇಳಿಬಿಡೋಣ ಅಂತಲೇ ಎದ್ದಿದ್ದು. ಅಷ್ಟರಲ್ಲಿ ಅವನೇ ನಾನೇ ಅಂದ. ಅಂದ ತಕ್ಷಣ... ನನ್ನ ಎದೆ ಹಗುರಾಯ್ತು ಪದ್ಮ ಅವರೇ. ಹಗುರಾಯ್ತು! ಹಕ್ಕಿ ಸತ್ತಿದ್ದಕ್ಕೆ ನೀರು ಹಾಕ್ಕೊಂಡೆ. ಈ ಹಗುರಕ್ಕೆ ಯಾವ ನೀರು ಹಾಕ್ಕೊಳ್ಳಲಿ?"

ಬಾಗಿಲ ಗಾಜಿನಿಂದ ಹೊರಗೆ ಕಾಣುತ್ತಿತ್ತು. ಕಾರುಗಳು ಬರತೊಡಗಿದ್ದವು. ಚೇತನ್ ಮತ್ತು ಲಾವಣ್ಯ ಬಂದರು. ಲಾವಣ್ಯ ಚಪ್ಪಲಿ ಬಿಟ್ಟು ಬಾಗಿಲ ಕಡೆ ಹೆಜ್ಜೆಯಿಟ್ಟಳು. ಚೇತನ್ ಬರಲಿಲ್ಲ. ಚಪ್ಪಲಿಗಳ ಪಕ್ಕ, ಹೊರಗಿನ ಮೆಟ್ಟಿಲ ಮೇಲೆಯೇ ಕೂತ. ಅವಳು ಏನೋ ಕೇಳಿದಳು. ಅವನು ತಲೆಯಾಡಿಸಿದ. ಒಳಗೆ ಬರಲು ತಾನು ಯೋಗ್ಯನಲ್ಲ ಎಂದು ಅವನು ತೀರ್ಮಾನಿಸಿಕೊಂಡಿದ್ದ.

ವೆಂಕಟರಾಮು ಕೂಡ ನೋಡಿದರು. ಎದ್ದು ನನ್ನ ಬಳಿ ಬಂದು ಎರಡೂ ಕೈ ಹಿಡಿದುಕೊಂಡರು. ಅವರ ಅಂಗೈ ತಣ್ಣಗಿತ್ತು.

"ಶೇಷಾದ್ರಿಯವರೇ, ಹೇಳ್ತೀನಿ. ಅವನಿಗೂ ಹೇಳ್ತೀನಿ, ನಾಳೆ ಅವನಿಗಿಂತ ಮೊದಲು ನಾನೇ ಆಫೀಸರ್ ಹತ್ರ ಹೋಗ್ತೀನಿ. ಆದ್ರೆ ಇವತ್ತು ಮಂಗಳ. ಎರಡು ವರ್ಷದ ಓದು. ಇದೊಂದು ಮುಗಿಸ್ಕೊಂಡುಬಿಡ್ತೀನಿ. ಇನ್ನೆರಡು ಗಂಟೆ, ಅಷ್ಟೇ. ಆಮೇಲೆ ಈ ಪೀಠ ನನಗೆ ಮತ್ತೆ ಸಿಗಲ್ಲ. ಯಾವಾಗಿನ ಹಾಗೆ ನೀವು ಮುಂದೆ ಬಂದು ಕೂತ್ಕೊಳ್ಳಿ. ನೀವು ಕೂತು ಕೇಳಿದ್ರೆ ನನಗೆ ಸ್ವರ ಬರುತ್ತೆ. ಇಷ್ಟು ಮಾಡಿ. ಕೈ ಮುಗೀತೀನಿ."

ಪದ್ಮ ನನ್ನನ್ನೇ ನೋಡುತ್ತಿದ್ದಳು. ಮೆಟ್ಟಿಲ ಮೇಲೆ ಚೇತನ್ ಯಾರದೋ ಚಪ್ಪಲಿಗಳನ್ನು ಜೋಡಿ ಮಾಡಿ ಇಡುತ್ತಿದ್ದ.

ನಾನು ಕೈ ಬಿಡಿಸಿಕೊಂಡೆ.

"ಇಲ್ಲ ವೆಂಕಟರಾಮು ಅವರೇ," ಎಂದೆ. "ನಾನು ಕೂತ್ಕೊಳ್ಳಲ್ಲ."